ಎರಡು ಚಕ್ರದ ಒಕ್ಕಣೆ

ಜಿರೋನಾ, ಸ್ಪೇನ್
14 ನವೆಂಬರ್ 2025

ಹಾಗಲವಾಡಿಯ ನನ್ನ ಅತ್ತೆಗೆ ನಂದಿತಾಳ ನಮಸ್ಕಾರ.

ಕಾಗದ ನೋಡಿ ಹೆದರಬೇಡ, ಯಾರಿಗೂ ಏನೂ ಆಗಿಲ್ಲ. ಫೋನಿಗೆ ನೀನು ಸಿಗುವುದಿಲ್ಲ, ಅದಕ್ಕೇ ಪೆನ್ನು ಹಿಡಿದಿದ್ದೇನೆ. ನಾನು ಇಲ್ಲಿಗೆ ಬಂದು ಎರಡು ವರ್ಷವಾಯಿತು. ಕರೆ ಮಾಡಿದಾಗಲೆಲ್ಲ ಬೇರೆಯವರೇ ಎತ್ತುತ್ತಾರೆ. ಮೊದಲು ನಿನ್ನ ಮಗ ಸಿದ್ದಾರ್ಥ ಎತ್ತುತ್ತಿದ್ದ, ಅವನ ಮದುವೆಯಾದ ಮೇಲೆ ಅಮೂಲ್ಯಾ ಎತ್ತುತ್ತಾಳೆ. "ಅತ್ತೆ ಹೊಲ್ದಲ್ಲವ್ರೆ ಕಣೇ, ಆಮೇಲೆ ಮಾಡು" ಅನ್ನುತ್ತಾಳೆ. ಆಮೇಲೆ ಮಾಡಿದರೆ ಪೂಜೆ, ಅದು ಬಿಟ್ಟರೆ ನಿದ್ದೆ. ಅಷ್ಟೊಂದು ನಿದ್ದೆ ಮಾಡುವ ಹೆಂಗಸು ನೀನಲ್ಲ ಎಂದು ನನಗೆ ಗೊತ್ತು.

ನಿನಗೆ ಕೋಪ ಯಾಕೆಂಬುದೂ ಗೊತ್ತು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ನೀನು. ಸೋದರತ್ತೆಯ ಮಗ ಮನೆಯಲ್ಲೇ ಇದ್ದ. ನಾನು ಲಂಗ ಹಾಕುವ ಕಾಲಕ್ಕೇ ಊರು ನಮ್ಮಿಬ್ಬರಿಗೂ ಮದುವೆ ಮಾಡಿ ಮುಗಿಸಿತ್ತು. ಕೊನೆಗೆ ನಾನು ಒಲ್ಲೆ ಎಂದು ಸೈಕಲ್ ಹಿಂದೆ ಹೊರಟುಬಿಟ್ಟೆ. ಆವತ್ತು ಬಸ್‌ಸ್ಟಾಂಡಿನಲ್ಲಿ ನನ್ನ ಹಣೆಗೆ ವಿಭೂತಿ ಇಟ್ಟು "ಬೀಳ್ದಂಗೆ ಓಡ್ಸು" ಎಂದೆಯಲ್ಲ, ಅದೇ ಕೊನೆ. ಆಮೇಲೆ ನಿನ್ನ ದನಿ ಕೇಳಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಬರುವ ಜನವರಿಯಲ್ಲಿ ನಮ್ಮ ಕಡೆಯೇ ಒಂದು ದೊಡ್ಡ ರೇಸು ನಡೆಯುತ್ತದೆ. ದಿನಕ್ಕೊಂದು ಹಾದಿ, ಒಟ್ಟು ಐದು ಹಂತ. ಎಲ್ಲ ಹಂತಗಳ ಹೊತ್ತನ್ನು ಕೂಡಿಸಿ, ಯಾರದು ಕಡಿಮೆಯೋ ಅವಳು ಗೆದ್ದ ಹಾಗೆ. ಮೂರನೆಯ ಹಂತದ ನಕ್ಷೆ ನೋಡಿದಾಗ ನನ್ನ ಕೈಯಲ್ಲಿದ್ದ ಕಾಫಿ ಚೆಲ್ಲಿತು. ತುಮಕೂರಿಂದ ಹೊರಟು ಹಾಗಲವಾಡಿ, ಅಲ್ಲಿಂದ ಗುಬ್ಬಿ, ಮುಕ್ತಾಯ ಕುಣಿಗಲ್ ಕೆರೆ ಏರಿಯ ಹತ್ತಿರ. ನಮ್ಮ ಮನೆ ಮುಂದಿನ ರಸ್ತೆ, ಅತ್ತೆ. ಇಲ್ಲಿ ಬೆಳಿಗ್ಗೆ ಮಂಜಿನೊಳಗೆ ಅಭ್ಯಾಸಕ್ಕೆ ಹೋಗುವಾಗ ನನ್ನ ಮುಂಗೈ ನನಗೇ ಮಸುಕಾಗಿ ಕಾಣುತ್ತದೆ. ಆಗ ಎಷ್ಟೋ ಸಲ ಇದು ನಮ್ಮ ರಸ್ತೆಯೇ, ಈ ತಿರುವು ಕಳೆದರೆ ಆಂಜನೇಯನ ಗುಡಿ, ಅದರಾಚೆ ನೀನು ಎಂದುಕೊಂಡು ತುಳಿದಿದ್ದೇನೆ. ಮಂಜು ಸರಿದರೆ ಯಾರದೋ ದ್ರಾಕ್ಷಿ ತೋಟ.

ಒಂದೇ ಒಂದು ಕೇಳುತ್ತೇನೆ. ಜನವರಿ ಇಪ್ಪತ್ತೆರಡಕ್ಕೆ ನೀನು ಮನೆ ಮುಂದೆ ನಿಂತಿರುತ್ತೀಯಾ? ಮಾತಾಡದಿದ್ದರೂ ಸರಿ. ಒಂದು ಸಲ ನನ್ನ ಮುಖ ನೋಡು.

ನಿನ್ನ ನಂದಿತಾ

*

ಹಾಗಲವಾಡಿ
1 ಡಿಸೆಂಬರ್ 2025

ಚಿರಂಜೀವಿ ನಂದಿತಾಳಿಗೆ ಶಕುಂತಲಮ್ಮ ಮಾಡುವ ಆಶೀರ್ವಾದ.

ಕಾಗದ ತಲುಪಿತು. ನಿನ್ನ ಅಕ್ಷರ ಈಗಲೂ ಕೋಳಿ ಕೆದರಿದ ಹಾಗೇ ಇದೆ. ಫೋನು ನನಗೆ ಒಗ್ಗುವುದಿಲ್ಲ ಮಗಳೇ. ಅದರಲ್ಲಿ ಆಡಿದ ಮಾತು ಆಗಲೇ ಹೋಯಿತು, ಕಾಗದವಾದರೆ ದಿಂಬಿನ ಕೆಳಗಿಟ್ಟುಕೊಂಡು ಮತ್ತೆ ಮತ್ತೆ ಓದಬಹುದು. ಇನ್ನು ಮೇಲೆ ಬರೆಯುತ್ತಿರು.

ಮನೆ ಮುಂದೆ ನಿಂತಿರುತ್ತೀಯಾ ಎಂದು ಕೇಳಿದ್ದೀಯಲ್ಲ, ಬೇರೆ ಎಲ್ಲಿ ನಿಂತಿರಲಿ? ಮಠಕ್ಕೂ ಹೋಗದೆ, ನೆಂಟರ ಮನೆಗೂ ಹೋಗದೆ ಆವತ್ತು ಇಲ್ಲೇ ಇರುತ್ತೇನೆ.

ರೇಸಿನ ಸುದ್ದಿ ಊರೆಲ್ಲ ಹಬ್ಬಿದೆ. ನಿಮ್ಮ ಸೈಕಲ್ಲು ಎಷ್ಟು ಬರುತ್ತವೆಂದು ಪಕ್ಕದ ಹೊಲದ ಅಡವಿಯಪ್ಪ ಕೇಳಿದ. ನೂರರ ಮೇಲೆ ಎಂದು ಸಿದ್ದಾರ್ಥ ಹೇಳಿದ. ಅಡವಿಯಪ್ಪ ಬೆರಳು ಮಡಿಸಿ ಲೆಕ್ಕ ಹಾಕಿ, "ಹಂಗಾರೆ ಇನ್ನೂರು ಚಕ್ರ ಆಯ್ತಲ್ಲಮ್ಮ, ಒಂದೇ ಏಟಿಗೆ ಹುರುಳಿ ಒಕ್ಕಣೆ ಮುಗೀತದೆ ಬುಡು" ಅಂದ. ನನಗೂ ಅದು ಸರಿ ಕಂಡಿತು. ಈ ವರ್ಷ ಹುರುಳಿ ಕೈ ತುಂಬ ಬಂದಿದೆ. ದಿನಾ ಬಸ್ಸು ಲಾರಿಗೆ ಕಾದುಕೊಂಡು ರಸ್ತೆ ಮೇಲೆ ಹಾಸಿ ತಿರುವಿ ಹಾಕುವುದು ಯಾರಿಗೆ ಬೇಕು? ನೀವು ಬರುವ ಹೊತ್ತಿಗೆ ಗುಡಿಯಿಂದ ನಮ್ಮ ಮನೆಯವರೆಗೆ ದಪ್ಪಗೆ ಹಾಸಿಬಿಡುವುದೆಂದು ಊರಿನಲ್ಲಿ ಮಾತಾಗಿದೆ. ನಿನ್ನ ಚಕ್ರ ತುಳಿದ ಹುರುಳಿಯಲ್ಲೇ ಬಸ್ಸಾರು ಮಾಡಿ ಉಣ್ಣುತ್ತೇನೆ, ನನಗದು ಪ್ರಸಾದ.

ಸಿದ್ದಾರ್ಥ ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಗೆ ದಿನಾ ಬೈಕಿನಲ್ಲಿ ಹೋಗಿಬರುತ್ತಾನೆ. ಅವರ ಹೆಲಿಕಾಪ್ಟರು ಒಂದೊಂದು ದಿನ ನಮ್ಮ ಹೊಲದ ಮೇಲೆ ಹಾಯುತ್ತದೆ. ಎಷ್ಟು ಚೆನ್ನಾಗಿ ಕಟ್ಟಿದ್ದಾರೆಂದರೆ ಒಂದು ತುಂಬಿಯಷ್ಟೂ ಸದ್ದಿಲ್ಲ. ನೆರಳು ಹೊಲದ ಮೇಲೆ ಹರಿದಾಗ ತಲೆಯೆತ್ತಿ ನೋಡುತ್ತೇನೆ. ಈಚೆಗೆ ಊರೇ ಹಾಗಾಗಿದೆ. ಕೋಳಿ ಕೊಕ್ಕು ತೆರೆಯುತ್ತದೆ, ಮುಚ್ಚುತ್ತದೆ, ಬೆಳಗಾಗುತ್ತದೆ. ಹುಣಸೆ ಎಲೆ ಉದುರುವುದನ್ನು ನೋಡುತ್ತಾ ಕೂತರೆ ಯಾವುದು ಎಚ್ಚರ, ಯಾವುದು ಕನಸು ಎಂದು ಗೊತ್ತಾಗುವುದಿಲ್ಲ. ವಯಸ್ಸಾದರೆ ಹೀಗೇ ಇರಬೇಕು. ನನಗೇನೂ ಬೇಸರವಿಲ್ಲ.

ಹೊಟ್ಟೆ ತುಂಬ ಉಣ್ಣು. ವಿಭೂತಿ ಪೊಟ್ಟಣ ಇಟ್ಟಿದ್ದೇನೆ.

ನಿನ್ನ ಅತ್ತೆ

*

ಜಿರೋನಾ
17 ಡಿಸೆಂಬರ್ 2025

ಅತ್ತೆ,

ಕೈ ಮುಗಿಯುತ್ತೇನೆ, ಆ ಹುರುಳಿ ಮಾತ್ರ ಹಾಸಬೇಡಿ. ನಿನ್ನ ಕಾಗದವನ್ನು ತಂಡದ ಹುಡುಗಿಯರಿಗೆ ಅರ್ಥ ಮಾಡಿ ಹೇಳಿದೆ, ಮೊದಲು ನಕ್ಕರು, ಆಮೇಲೆ ಮುಖ ಸಪ್ಪೆಯಾಯಿತು. ನಮ್ಮ ಚಕ್ರ ನಿನ್ನ ಎರಡು ಬೆರಳಿನಷ್ಟು ಅಗಲವೂ ಇಲ್ಲ. ನಾವು ಒಬ್ಬರ ಚಕ್ರಕ್ಕೆ ಒಬ್ಬರ ಚಕ್ರ ತಾಗುವಷ್ಟು ಹತ್ತಿರ ಹೋಗುತ್ತೇವೆ. ಹುರುಳಿ ಕಾಳಿನ ಮೇಲೆ ಒಬ್ಬಳು ಜಾರಿದರೆ ಹಿಂದಿನವರೆಲ್ಲ ಅವಳ ಮೇಲೆ. ಒಂದು ಕಾಳು ಕೂಡ ಇರಬಾರದು. ಅಡವಿಯಪ್ಪನಿಗೆ ಹೇಳು, ನಾವು ಬರುವುದು ಒಕ್ಕುವುದಕ್ಕಲ್ಲ.

ಇನ್ನೊಂದು ಮಾತು. ಇದನ್ನು ಯಾರಿಗೂ ಹೇಳಿರಲಿಲ್ಲ. ನಾನು ರೇಸು ಗೆಲ್ಲುವವಳಲ್ಲ ಅತ್ತೆ. ನಮ್ಮ ನಾಯಕಿ ಮಾರ್ತಾ ಗೆಲ್ಲಬೇಕು. ಅವಳ ಮುಂದೆ ಹೋಗಿ ಗಾಳಿಗೆ ಎದೆ ಕೊಡುವುದು ನನ್ನ ಕೆಲಸ. ನನ್ನ ಬೆನ್ನ ಮರೆಯಲ್ಲಿ ಅವಳು ಸುಖವಾಗಿ ಬರುತ್ತಾಳೆ. ಕೊನೆಗೆ ಅವಳು ಮುಂದೆ ಹಾರುತ್ತಾಳೆ, ನಾನು ಹಿಂದೆ ಉಳಿಯುತ್ತೇನೆ. ಫಲಿತಾಂಶದಲ್ಲಿ ನನ್ನ ಹೆಸರು ತಳದಲ್ಲಿದ್ದರೆ ಊರಿನವರು ನಗಬಹುದು. ನೀನು ನಗಬೇಡ.

ಆದರೆ ನಮ್ಮಲ್ಲಿ ಒಂದು ಪದ್ಧತಿ ಇದೆ. ರೇಸು ಯಾರ ಹುಟ್ಟೂರಿನ ಮೂಲಕ ಹಾಯುತ್ತದೋ ಅವಳಿಗೆ ಉಳಿದವರು ದಾರಿ ಬಿಡುತ್ತಾರೆ. ಎಲ್ಲರೂ ತುಳಿತ ನಿಧಾನ ಮಾಡುತ್ತಾರೆ, ಅವಳೊಬ್ಬಳೇ ಮುಂದೆ ಹೋಗಿ ತನ್ನವರನ್ನು ಮಾತಾಡಿಸಿ, ಮತ್ತೆ ಗುಂಪಿಗೆ ಸೇರಿಕೊಳ್ಳುತ್ತಾಳೆ. ಯಾವ ನಿಯಮದಲ್ಲೂ ಬರೆದಿಲ್ಲ, ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ನಾನು ಕೇಳಿದ್ದೇನೆ. ಹಿರಿಯಳಾದ ಒಬ್ಬ ಡಚ್ ಹೆಂಗಸು, ಅವಳ ತಂಡ ನಮಗೆ ಎದುರಾಳಿ, ನನ್ನ ಭುಜ ತಟ್ಟಿ ಆಗಲಿ ಅಂದಳು.

ಗುಡಿ ದಾಟಿದ ಕೂಡಲೇ ಅತ್ತೇ ಎಂದು ಕೂಗುತ್ತೇನೆ. ನೀನು ತಿರುಗಿ ನೋಡಿದರೆ ಇಳಿಯುತ್ತೇನೆ, ನಿನ್ನ ಕಾಲಿಗೆ ಬಿದ್ದು ಎದ್ದು ಹೋಗುತ್ತೇನೆ. ನೋಡದಿದ್ದರೆ ಹಾಗೇ ಹೋಗುತ್ತೇನೆ, ನಿನ್ನ ಉತ್ತರ ನನಗೆ ಸಿಕ್ಕಿದಂತೆ.

ಹೆಲಿಕಾಪ್ಟರಿಗೆ ಸದ್ದಿಲ್ಲ ಎಂದು ಮಗನ ಕಾರ್ಖಾನೆಯನ್ನು ಹೊಗಳಿದ್ದು ಓದಿ ನಕ್ಕೆ. ಊರು ಸದ್ದಿಲ್ಲದಂತಾಗಿದೆ ಎಂದು ಬರೆದದ್ದು ಓದಿ ಅತ್ತುಬಿಟ್ಟೆ. ನಾನು ಇಲ್ಲದ್ದಕ್ಕೇ ಹಾಗೆ ಎಂದು ತಿಳಿದುಕೊಂಡಿದ್ದೇನೆ.

ನಂದಿತಾ

*

ಹಾಗಲವಾಡಿ
5 ಜನವರಿ 2026

ಚಿ. ನಂದಿತಾಳಿಗೆ,

ಹುರುಳಿ ರಾಮಾಯಣ ಮುಗಿಯಿತು. ಅಡವಿಯಪ್ಪ ಒಪ್ಪಲೇ ಇಲ್ಲ. "ಹುರುಳಿ ಮೇಲೆ ನಿಲ್ದೇ ಇರೋ ಸೈಕಲ್ಲು ಅದೆಂಥ ಸೈಕಲ್ಲಮ್ಮ" ಎಂದು ಜಗಲಿಯ ಮೇಲೆ ಕೂತು ವಾದ ಮಾಡಿದ. ಅವನಿಗೆ ಹೇಳುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ. ಕೊನೆಗೆ ನಾನೇ ಮನೆಮನೆಗೆ ಹೋಗಿ ಹೇಳಿ ಬಂದೆ. ನಮ್ಮ ಹುರುಳಿಯನ್ನು ಗಿಡದ ಸಮೇತ ಹಿತ್ತಲಲ್ಲಿ ಒಟ್ಟಿಸಿದ್ದೇನೆ. ರಸ್ತೆಯ ಜವಾಬ್ದಾರಿ ನನ್ನದು. ನೀನು ಕಣ್ಣು ಮುಚ್ಚಿಕೊಂಡು ಬಾ.

ಮೊದಲ ಸಂಬಳದಲ್ಲಿ ನೀನು ಕಳಿಸಿದ ಹಸಿರು ಸೀರೆ ಇನ್ನೂ ಮಡಿಕೆ ಬಿಚ್ಚಿಲ್ಲ. ಆವತ್ತು ಅದನ್ನೇ ಉಡುತ್ತೇನೆ, ದೂರದಿಂದಲೇ ಗುರುತು ಸಿಗಲಿ.

ಒಂದು ಮಾತು ಗಟ್ಟಿಯಾಗಿ ನೆನಪಿಟ್ಟುಕೋ. ಕೂಗಬೇಡ. ಜನರ ಗಲಾಟೆಯಲ್ಲಿ ಕೂಗಿ ಏನು ಪ್ರಯೋಜನ? ಕೈ ಎತ್ತು. ಕೈ ಎತ್ತಿದರೆ ನಾನು ಎಲ್ಲಿದ್ದರೂ ನೋಡುತ್ತೇನೆ. ಮರೆಯಬೇಡ ಮಗಳೇ, ಕೂಗುವುದಲ್ಲ, ಕೈ.

ತಳದಲ್ಲಿ ಹೆಸರಿದ್ದರೆ ನಗಬೇಡ ಎಂದಿದ್ದೀಯ. ಒಬ್ಬರಿಗೆ ಗಾಳಿ ತಾಗದಂತೆ ಮುಂದೆ ನಿಲ್ಲುವುದು ಸಣ್ಣ ಕೆಲಸವೇ? ನಿನ್ನನ್ನು ಸಾಕುವಾಗ ನಾನು ಮಾಡಿದ್ದೂ ಅದೇ. ಆಗ ನನಗೂ ಯಾರೂ ಪದಕ ಕೊಡಲಿಲ್ಲ.

ನಿನ್ನ ಅತ್ತೆ

*

ಕುಣಿಗಲ್
22 ಜನವರಿ 2026

ಅತ್ತೆ,

ಇದನ್ನು ಗುಬ್ಬಿ ಬಸ್ಸಿನ ಕಂಡಕ್ಟರ್ ಗೋವಿಂದರಾಜು ಅವರ ಕೈಯಲ್ಲಿ ಕಳಿಸುತ್ತೇನೆ. ಅವರು ನಾಳೆ ಬೆಳಿಗ್ಗೆ ಹಾಗಲವಾಡಿ ದಾಟಿ ಹೋಗುತ್ತಾರಂತೆ. ನನ್ನ ಡಿಸೆಂಬರಿನ ಕಾಗದಕ್ಕೆ ನಿನ್ನಿಂದ ಉತ್ತರ ಬರಲಿಲ್ಲ. ನಾನು ಜನವರಿ ಹತ್ತಕ್ಕೇ ಸ್ಪೇನ್ ಬಿಟ್ಟೆ, ಅಲ್ಲಿಯವರೆಗೂ ಅಂಚೆ ಡಬ್ಬಿ ನೋಡುತ್ತಲೇ ಇದ್ದೆ. ಉತ್ತರ ಇವತ್ತು ರಸ್ತೆಯಲ್ಲೇ ಸಿಕ್ಕಿತು.

ತುಮಕೂರಿನಲ್ಲಿ ಹೊರಟಾಗ ಬಿಸಿಲು ಇನ್ನೂ ಎಳೆಯದು. ಸತ್ಯಮಂಗಲದ ಕಾರ್ಖಾನೆಗಳವರು ಗೇಟಿನ ಹೊರಗೆ ಬಂದು ಕೈ ಬೀಸಿದರು. ಊರು ಹತ್ತಿರವಾದಂತೆ ಕಾಲು ನನ್ನದಲ್ಲ ಅನ್ನಿಸುತ್ತಿತ್ತು. ರಸ್ತೆ ತಾನಾಗಿ ನನ್ನ ಕೆಳಗೆ ಹರಿದು ಹಿಂದೆ ಹೋಗುತ್ತಿತ್ತು, ನಾನು ಸುಮ್ಮನೆ ಕೂತಿದ್ದೆ. ಆ ಹುಣಸೆ, ಆ ಕೆರೆ ಕೋಡಿ, ಎಲ್ಲ ಅದರದರ ಜಾಗದಲ್ಲಿ ಇದ್ದವು. ಎರಡು ವರ್ಷ ಮಂಜಿನಲ್ಲಿ ಕಂಡ ಕನಸಿನ ಒಳಗೇ ಹೋಗುತ್ತಿದ್ದೇನೆ ಅನ್ನಿಸಿತು. ಹಿಂದೆ ತಿರುಗಿ ನೋಡಿದೆ. ಆ ಡಚ್ ಹೆಂಗಸು ಕೈ ಅಡ್ಡ ಚಾಚಿ ಗುಂಪನ್ನು ತಡೆದು, ನನಗೆ ಹೋಗು ಎಂದು ಸನ್ನೆ ಮಾಡಿದಳು. ಇಡೀ ಗುಂಪು ನಿಧಾನವಾಯಿತು. ನಾನೊಬ್ಬಳೇ ಹೊರಟೆ.

ಗುಡಿಯ ಹತ್ತಿರ ತೋರಣ ಕಟ್ಟಿದ್ದರು. ಅಮೂಲ್ಯಾ ಆರತಿ ತಟ್ಟೆ ಹಿಡಿದು ನಿಂತಿದ್ದಳು. ನೀನು ಅಲ್ಲಿ ಇರಲಿಲ್ಲ. ಗುಡಿಯಾಚೆಯ ತಿರುವಿನಲ್ಲಿ ಹಸಿರು ಸೀರೆ ಕಂಡಿತು, ನಾನು ಕಳಿಸಿದ ಸೀರೆ. ಅತ್ತೇ ಎಂದು ಕೂಗಿದೆ. ನೀನು ಬಗ್ಗಿಕೊಂಡು ರಸ್ತೆ ಗುಡಿಸುತ್ತಿದ್ದೆ. ಮತ್ತೆ ಕೂಗಿದೆ. ಮುಂದೆ ಹೋಗುವ ಕಾರಿನವನು ಹಾರ್ನ್ ಹೊಡೆದ, ಪೊಲೀಸರು ಸೀಟಿ ಊದಿದರು, ನೀನು ಜಗ್ಗಲಿಲ್ಲ. ಈಗೀಗ ಬಸ್ಸಿಗೂ ದಾರಿ ಬಿಡದವಳು ಎಂದು ಊರೆಲ್ಲ ನಿನ್ನನ್ನು ನೋಡಿ ನಗುತ್ತದಂತೆ, ಗೋವಿಂದರಾಜು ಹೇಳಿದರು, ಹಾಗೇ. ನಿನ್ನ ಬೆನ್ನ ಪಕ್ಕದಲ್ಲೇ ಹಾದೆ. ಕೈ ಚಾಚಿದ್ದರೆ ಸೆರಗು ಸಿಗುತ್ತಿತ್ತು. ನೀನು ತಲೆ ಎತ್ತಲಿಲ್ಲ.

ನನ್ನ ಸೀರೆ ಉಟ್ಟು ನನಗೇ ಬೆನ್ನು ತೋರಿಸಬೇಕಿತ್ತಾ ಅತ್ತೆ?

ಆಮೇಲೆ ನಾನು ಗುಂಪಿಗೆ ಕಾಯಲಿಲ್ಲ. ಅವರೇ ನನ್ನನ್ನು ಹಿಡಿದರು. ಗುಬ್ಬಿಯಿಂದ ಈಚೆಗೆ ಎಲ್ಲರ ಮುಂದೆ ನಾನೇ ಗಾಳಿಗೆ ಎದೆ ಕೊಟ್ಟೆ, ಒಬ್ಬರಿಗೂ ಬಿಟ್ಟುಕೊಡಲಿಲ್ಲ. ಕುಣಿಗಲ್ ಕುದುರೆ ಫಾರಂನ ಬೇಲಿಯಾಚೆ ಮರಿಗಳು ನಮ್ಮ ಜೊತೆ ಓಡಿದವು, ಕೇಸರ ಹಾರಿಸಿಕೊಂಡು. ಕಣ್ಣಲ್ಲಿ ನೀರಿದ್ದದ್ದಕ್ಕೆ ಅವು ಓಡುತ್ತಿವೆಯೋ ಈಜುತ್ತಿವೆಯೋ ತಿಳಿಯಲಿಲ್ಲ. ಕೆರೆಯ ಹತ್ತಿರ ಮಾರ್ತಾ ನನ್ನ ಬೆನ್ನಿಂದ ಹಾರಿ ಗೆದ್ದಳು. ಇವತ್ತು ನಿನಗೆ ರೆಕ್ಕೆ ಬಂದಿತ್ತು ಎಂದು ತಬ್ಬಿಕೊಂಡಳು. ಅದು ಸಿಟ್ಟು ಎಂದು ಅವಳಿಗೆ ಯಾವ ಭಾಷೆಯಲ್ಲಿ ಹೇಳಲಿ?

ನಾಳೆ ವಿಶ್ರಾಂತಿಯ ದಿನ, ಇಲ್ಲೇ ಇರುತ್ತೇವೆ. ಇನ್ನು ಎರಡು ಹಂತ ಮುಗಿದರೆ ಮೈಸೂರು, ಮಾರನೆಯ ದಿನ ವಿಮಾನ. ಊರಿಗೆ ಬರುವುದಿಲ್ಲ. ಇನ್ನು ಬರೆಯುವುದೂ ಇಲ್ಲ. ನೀನು ಚೆನ್ನಾಗಿರು.

ನಂದಿತಾ

*

ಹಾಗಲವಾಡಿ
23 ಜನವರಿ 2026

ನನ್ನ ಕಂದ,

ಗೋವಿಂದರಾಜು ಸಂಜೆ ಇದೇ ದಾರಿಯಲ್ಲಿ ವಾಪಸು ಬರುತ್ತಾನೆ, ಅಷ್ಟರೊಳಗೆ ಇದನ್ನು ಬರೆದು ಕೊಡಬೇಕು. ಇವತ್ತು ನನ್ನ ಅಕ್ಷರವೂ ಕೋಳಿ ಕೆದರಿದ ಹಾಗೇ.

ನನಗೆ ಕಿವಿ ಕೇಳುವುದಿಲ್ಲ.

ನೀನು ಹೊರಟ ತಿಂಗಳಲ್ಲೇ ಜ್ವರ ಬಂತು. ಜ್ವರ ಹೋಗುವಾಗ ಕಿವಿಯನ್ನೂ ಕರೆದುಕೊಂಡು ಹೋಯಿತು. ತುಮಕೂರಿನ ಡಾಕ್ಟರು ನರ ಸತ್ತಿದೆ ಎಂದು ಚೀಟಿಯಲ್ಲಿ ಬರೆದು ತೋರಿಸಿದರು. ಮೆಷಿನ್ನೂ ಹಾಕಿಸಿ ನೋಡಿದೆವು, ಗಿರಣಿಯಲ್ಲಿ ಕೂತ ಹಾಗೆ ಬರೀ ಗುಂಯ್ ಎಂದಿತು, ತೆಗೆದಿಟ್ಟೆ. ಈಗ ಎದುರಿಗಿದ್ದವರ ಮಾತನ್ನು ತುಟಿ ನೋಡಿಯೇ ತಿಳಿದುಕೊಳ್ಳುತ್ತೇನೆ, ಅಡವಿಯಪ್ಪನದೂ. ನಿನಗೆ ಹೇಳಕೂಡದೆಂದು ಸಿದ್ದಾರ್ಥನಿಂದ ಲಿಂಗ ಮುಟ್ಟಿಸಿ ಆಣೆ ಹಾಕಿಸಿಕೊಂಡೆ. ಹೇಳಿದ್ದರೆ ನೀನು ಸೈಕಲ್ ಅಲ್ಲೇ ಎಸೆದು ಬರುತ್ತಿದ್ದೆ. ನಿನ್ನನ್ನು ನಾನು ಸಾಕಿದ್ದೇನೆ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ನಿನ್ನ ಫೋನು ಬಂದಾಗಲೆಲ್ಲ ಅಮೂಲ್ಯಾಳ ಎದುರಿಗೇ ಕೂತು ಅವಳ ತುಟಿ ನೋಡುತ್ತಿದ್ದೆ. ಅತ್ತೆ ಹೊಲದಲ್ಲಿದ್ದಾರೆ ಎಂದು ಅವಳು ಸುಳ್ಳು ಹೇಳುವಾಗ ನಾನು ಅವಳ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿರುತ್ತಿದ್ದೆ.

ಸಿದ್ದಾರ್ಥನನ್ನು ನೀನು ಒಲ್ಲೆ ಎಂದದ್ದಕ್ಕೆ ನನಗೆ ಕೋಪವೇ? ಒಂದು ದಿನ ಬೇಸರವಾಗಿತ್ತು, ಅಷ್ಟೇ. ನೀವಿಬ್ಬರೂ ಒಂದೇ ತಟ್ಟೆಗೆ ಜಗಳವಾಡಿ ಬೆಳೆದವರು. ಮದುವೆಯಾಗಿದ್ದರೆ ನಾನು ಸಾಯುವ ತನಕ ಪಂಚಾಯಿತಿ ಮಾಡಬೇಕಿತ್ತು. ಅಮೂಲ್ಯಾ ಅವನನ್ನು ಚೆನ್ನಾಗಿ ಬಗ್ಗಿಸಿದ್ದಾಳೆ.

ಉತ್ತರ ಬರಲಿಲ್ಲ ಎಂದು ಬರೆದಿದ್ದೀಯ. ಜನವರಿ ಐದಕ್ಕೇ ಹಾಕಿದ್ದೆ ಕಣೇ. ಕೂಗಬೇಡ, ಕೈ ಎತ್ತು ಎಂದು ಎರಡೆರಡು ಸಲ ಬರೆದಿದ್ದೆ. ಆ ಕಾಗದ ಈಗ ಸ್ಪೇನಿನಲ್ಲಿ ನಿನ್ನ ಬಾಗಿಲಿಗೆ ಬಂದು ಬಿದ್ದಿರಬೇಕು, ಓದುವವರಿಲ್ಲದೆ.

ನಿನ್ನೆ ಬೆಳಿಗ್ಗೆ ಮಿಂದು, ಸೀರೆ ಉಟ್ಟು, ಗುಡಿಯ ಹತ್ತಿರ ಎಲ್ಲರಿಗಿಂತ ಮೊದಲು ನಿಂತವಳು ನಾನೇ. ಅಷ್ಟರಲ್ಲಿ ಅಡವಿಯಪ್ಪನ ಗಾಡಿ ಹಾಯಿತು, ಹುರುಳಿ ತುಂಬಿಕೊಂಡು. ಅದರ ಹಿಂದೆ ತಿರುವಿನ ಉದ್ದಕ್ಕೂ ಕಾಳು ಉದುರಿತ್ತು. ಒಂದು ಕಾಳು ಇರಬಾರದು ಎಂದಿದ್ದೆಯಲ್ಲ. ಅದೇ ಜಾಗದಲ್ಲಿ ನೀನು ಬಾಗಿ ತಿರುಗುತ್ತೀಯ. ಪೊರಕೆ ಹಿಡಿದು ಓಡಿದೆ. ನೀವು ಬರುವುದಕ್ಕೆ ಇನ್ನೂ ಹೊತ್ತಿದೆ ಎಂದುಕೊಂಡಿದ್ದೆ. ಹಾರ್ನು ಗೊತ್ತಿಲ್ಲ, ಸೀಟಿ ಗೊತ್ತಿಲ್ಲ. ಕಣ್ಣು ನೆಲದ ಮೇಲೇ ಇತ್ತು, ಕಾಳಿನ ಮೇಲೆ.

ಒಂದು ಗಾಳಿ ಬಂತು. ಬೆನ್ನಿಗೆ ತಾಗಿ ಸೆರಗು ಎತ್ತಿ ಹೋಯಿತು. ಮಾಘದಲ್ಲಿ ಇದೆಂಥ ಗಾಳಿ ಎಂದುಕೊಂಡು ಸೆರಗು ಸರಿಮಾಡಿಕೊಂಡೆ. ಆಮೇಲೆ ಅಮೂಲ್ಯಾ ಓಡಿ ಬಂದು ನನ್ನ ತೋಳು ಹಿಡಿದು ತಿರುಗಿಸಿದಳು. ಅಷ್ಟರಲ್ಲಿ ಬಣ್ಣಬಣ್ಣದ ಅಂಗಿಗಳ ದೊಡ್ಡ ಗುಂಪು, ಒಂದು ಸದ್ದೂ ಇಲ್ಲದೆ, ಹಕ್ಕಿಗಳು ಇಳಿದು ಎದ್ದ ಹಾಗೆ ನಮ್ಮನ್ನು ದಾಟಿ ಹೋಯಿತು. ನಾನು ಆ ಗುಂಪಿನಲ್ಲಿ ನಿನ್ನನ್ನು ಹುಡುಕಿದೆ. ಒಂದೊಂದು ಮುಖವನ್ನೂ ನೋಡಿದೆ. ಅಮೂಲ್ಯಾ ಮುಂದಕ್ಕೆ ಬೆರಳು ತೋರಿಸುತ್ತಿದ್ದಳು. ದೂರದಲ್ಲಿ ಒಂಟಿಯಾಗಿ ಒಂದು ಬೆನ್ನು ಚಿಕ್ಕದಾಗುತ್ತಿತ್ತು. ಆಗ ಗೊತ್ತಾಯಿತು, ಆ ಗಾಳಿ ನೀನು.

ನಿನ್ನ ದನಿ ನನಗೆ ಇನ್ನು ಸಿಗುವುದಿಲ್ಲ ನಂದಿತಾ. ನೀನು ಚಿಕ್ಕವಳಿದ್ದಾಗಿನ ದನಿ ಒಂದಿದೆ, ಅದನ್ನೇ ಜೋಪಾನ ಮಾಡಿಕೊಂಡಿದ್ದೇನೆ. ಮುಖವಾದರೂ ಸಿಗಲಿ ಎಂದು ಎರಡು ತಿಂಗಳು ದಿನ ಎಣಿಸಿದೆ. ಅದನ್ನೂ ಹುರುಳಿ ಕಾಳಿನಲ್ಲಿ ಕಳೆದುಕೊಂಡೆ. ಊರಿಗೆ ಬಂದವಳು ನೀರಿಗೆ ಬಾರದೇ ಇರುತ್ತಾಳೆಯೇ ಎಂದು ಗಾದೆ ಇದೆ. ನೀನು ಊರಿಗೆ ಬಂದೂ ಬಾರದವಳಂತೆ ಹೋಗಬೇಡ.

ಹಿತ್ತಲಲ್ಲಿ ಹುರುಳಿ ಹಾಗೇ ಬಿದ್ದಿದೆ. ಒಕ್ಕುವುದಕ್ಕೆ ಮನಸ್ಸಿಲ್ಲ.

ಅತ್ತೆ

*

ಕುಣಿಗಲ್
24 ಜನವರಿ 2026

ಅತ್ತೆ,

ಇನ್ನು ಸ್ವಲ್ಪ ಹೊತ್ತಿಗೆ ಹಂತ ಶುರು. ಶೂಸು ಹಾಕಿಕೊಂಡೇ ಬರೆಯುತ್ತಿದ್ದೇನೆ. ನಿನ್ನ ಕಾಗದ ಓದಿ ಎಷ್ಟು ಅತ್ತೆನೆಂದು ಹೇಳುವುದಿಲ್ಲ, ನೀನು ಬೈಯುತ್ತೀಯ. ನಿನ್ನ ಬೆನ್ನು ನೋಡಿ ಎರಡು ವರ್ಷದ ಕೋಪ ಅಂದುಕೊಂಡೆನಲ್ಲ, ನನಗೆ ಬುದ್ಧಿ ಎಲ್ಲಿತ್ತು? ಆ ತಿರುವಿನಲ್ಲಿ ರಸ್ತೆ ಕನ್ನಡಿಯ ಹಾಗಿತ್ತು. ನೀನು ಗುಡಿಸುವುದನ್ನು ಕಂಡೂ ಯಾಕೆಂದು ಯೋಚಿಸದೆ ಅದರ ಮೇಲೇ ಹಾರಿ ಹೋದೆ. ನನ್ನ ಹಿಂದೆ ಬಂದ ಅಷ್ಟೂ ಜನರಲ್ಲಿ ಒಬ್ಬಳೂ ಬೀಳಲಿಲ್ಲ ಅತ್ತೆ.

ವಿಮಾನಕ್ಕೆ ಬರುವುದಿಲ್ಲ ಎಂದು ಮ್ಯಾನೇಜರಿಗೆ ಹೇಳಿದ್ದೇನೆ. ಮೈಸೂರು ಮುಗಿಸಿ ಮಂಗಳವಾರ ಬರುತ್ತೇನೆ. ಬಸ್ಸಿನಲ್ಲಿ ಗುಬ್ಬಿಯವರೆಗೆ, ಅಲ್ಲಿಂದ ಸೈಕಲ್ಲಿನಲ್ಲಿ. ನೀನು ರಸ್ತೆಯ ನಡುವೆಯೇ ನಿಲ್ಲು, ಗುಬ್ಬಿಯ ಕಡೆಗೆ ಮುಖ ಮಾಡಿಕೊಂಡು. ನಾನು ಕೂಗುವುದಿಲ್ಲ. ಎರಡೂ ಕೈ ಎತ್ತುತ್ತೇನೆ, ಚಿಕ್ಕವಳಿದ್ದಾಗ ನೀನು ಕಲಿಸಿದ್ದೇ ಅಲ್ಲವೇ, ಕೈ ಬಿಟ್ಟು ಓಡಿಸುವುದು.

ಹುರುಳಿಯನ್ನು ಯಾರಿಗೂ ಮುಟ್ಟಿಸಬೇಡ. ಗುಡಿಯಿಂದ ಮನೆಯವರೆಗೆ ದಪ್ಪಗೆ ಹಾಸಿಡು. ಬಸ್ಸು ಬೇಡ, ಲಾರಿ ಬೇಡ, ನಿನ್ನ ಎದುರಿಗೇ, ನಡೆದಷ್ಟು ನಿಧಾನವಾಗಿ, ಹೋಗಿ ಬಂದು ಹೋಗಿ ಬಂದು, ಕಾಳೆಲ್ಲ ಬಿಡುವವರೆಗೆ ನಾನೇ ತುಳಿಯುತ್ತೇನೆ. ನೀನು ನೋಡುತ್ತಾ ಕೂತಿರು.

ನಿನ್ನ ನಂದಿತಾ